ದುಡ್ಡು ಕೊಟ್ಟು ಆನ್‌ಲೈನ್ ಬ್ಯಾಕಪ್ ಇಟ್ಟುಕೊಳ್ಳುವುದು ದಂಡವೇ?

ನೀವು ಕೇಳಿದ್ದು ಇಷ್ಟು: ಮನೆಯಲ್ಲಿ ಹಾರ್ಡ್ ಡಿಸ್ಕ್ ಇರುವಾಗ ಆನ್‌ಲೈನ್ ಬ್ಯಾಕಪ್‌ಗೆ ತಿಂಗಳು ತಿಂಗಳು ದುಡ್ಡು ಕಟ್ಟುವುದು ಸುಮ್ನೆ ದಂಡ, ಹೆದರಿಸಿ ಮಾರುವ ವ್ಯಾಪಾರ ಅಲ್ವಾ?

ನಾನೂ ಹಾಗೇ ಅಂದುಕೊಂಡಿದ್ದವನು. ಈಗ ಕಟ್ಟುತ್ತಿದ್ದೇನೆ. ಅನುಮಾನ ಮಾತ್ರ ಪೂರ್ತಿ ಹೋಗಿಲ್ಲ.

ಹೋಗುವುದಾದರೂ ಹೇಗೆ? 'ಅನ್‌ಲಿಮಿಟೆಡ್' ಜಾಗ, ಎಷ್ಟು ಬೇಕಾದರೂ ಇಡಿ ಅಂತ ಕರೆದು ಆಮೇಲೆ ಮಾತು ನುಂಗಿದವರೇ ಜಾಸ್ತಿ. ಮೈಕ್ರೋಸಾಫ್ಟ್ 2015ರಲ್ಲಿ ತನ್ನ ಆನ್‌ಲೈನ್ ಸಂಗ್ರಹವಾದ ಒನ್‌ಡ್ರೈವ್‌ನಿಂದ ಆ ಸೌಲಭ್ಯ ತೆಗೆಯಿತು. ಅಮೆಜಾನ್ ಡ್ರೈವ್ 2017ರಲ್ಲಿ ಅದನ್ನು ನಿಲ್ಲಿಸಿ, 2023ರ ಕೊನೆಗೆ ಅಂಗಡಿಯನ್ನೇ ಮುಚ್ಚಿತು. ಬ್ಯಾಕಪ್‌ಗೆಂದೇ ಹೆಸರಾಗಿದ್ದ ಕ್ರ್ಯಾಶ್‌ಪ್ಲಾನ್ 2018ರಲ್ಲಿ ಮನೆಬಳಕೆಯ ಗಿರಾಕಿಗಳನ್ನು ಕೈಬಿಟ್ಟಿತು. ಒಂದು ವರ್ಷ ಮೊದಲೇ ಹೇಳಿದ್ದರು ನಿಜ, ಆದರೆ ಎಲ್ಲವನ್ನೂ ಮತ್ತೆ ಬೇರೆ ಕಡೆ ಏರಿಸುವ ಪಾಡು ಗಿರಾಕಿಯದೇ ತಾನೇ? 10 ಎಂಬಿಪಿಎಸ್ ಅಪ್‌ಲೋಡ್ ಇದ್ದರೆ 1 ಟಿಬಿ ಏರಿಸಲು ಹಗಲೂ ರಾತ್ರಿ ಓಡಿಸಿದರೂ 9 ದಿನ ದಾಟುತ್ತದೆ.

ಆದರೆ ನನಗೆ ಪೆಟ್ಟು ಬಿದ್ದದ್ದು ಬೇರೆ ಕಡೆಯಿಂದ. ದುಡ್ಡು ಕೊಟ್ಟು ಜಾಗ ತೆಗೆದುಕೊಂಡಿದ್ದೆ, ಫೋಟೋಗಳೆಲ್ಲ ಅಲ್ಲಿವೆ ಅನ್ನುವ ಧೈರ್ಯದಲ್ಲಿ ಲ್ಯಾಪ್‌ಟಾಪ್ ತುಂಬಿತು ಅಂತ ಒಂದು ಫೋಲ್ಡರ್ ಅಳಿಸಿದೆ, ಎರಡು ತಿಂಗಳಾದ ಮೇಲೆ ಹುಡುಕಿದರೆ ಅಲ್ಲೂ ಇಲ್ಲ. ಅದು ಬ್ಯಾಕಪ್ ಅಲ್ಲ, ಸಿಂಕ್. ಕನ್ನಡಿ ಇದ್ದ ಹಾಗೆ, ಈಚೆ ಅಳಿಸಿದರೆ ಆಚೆಯೂ ಮಾಯ. ಅಳಿಸಿದ್ದನ್ನು ಅವರು 30 ದಿನ ಮಾತ್ರ ಇಟ್ಟುಕೊಳ್ಳುತ್ತಿದ್ದರು, ನಿಯಮದಲ್ಲಿ ಬರೆದೂ ಇತ್ತು, ಓದದೇ ಇದ್ದದ್ದು ನಾನು. ರ‍್ಯಾನ್ಸಮ್‌ವೇರ್ (ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುವ ದುಷ್ಟ ಪ್ರೋಗ್ರಾಂ) ಹೊಕ್ಕರೂ ಇದೇ ಕಥೆ: ಕೆಟ್ಟ ಫೈಲೇ ಮೇಲೆ ಹೋಗಿ ಒಳ್ಳೆಯದರ ಜಾಗದಲ್ಲಿ ಕೂರುತ್ತದೆ, ಹಳೆಯ ವರ್ಷನ್ ಉಳಿಸಿಕೊಳ್ಳುವ ವ್ಯವಸ್ಥೆ ಇದ್ದರೆ ಬಚಾವ್.

ಹಾಗಾಗಿ ಎಷ್ಟು ಜಿಬಿ ಕೊಡುತ್ತಾರೆ ಅನ್ನುವುದಕ್ಕಿಂತ, ಅಳಿಸಿದ್ದನ್ನು ಎಷ್ಟು ದಿನ ಇಡುತ್ತಾರೆ ಅಂತ ಮೊದಲು ನೋಡಿ. ಹೊರಗಿನ ಡಿಸ್ಕನ್ನು ತಿಂಗಳುಗಟ್ಟಲೆ ಕಂಪ್ಯೂಟರಿಗೆ ಚುಚ್ಚದೇ ಇದ್ದರೆ ಅದರ ಪ್ರತಿಯನ್ನೂ ತೆಗೆದುಹಾಕುತ್ತಾರಾ ಅಂತಲೂ ನೋಡಿ. ಎನ್‌ಕ್ರಿಪ್ಷನ್ ಕೀ (ಫೈಲ್‌ಗಳ ಬೀಗ ತೆರೆಯುವ ಗುಪ್ತಪದ) ನಿಮ್ಮ ಹತ್ತಿರ ಮಾತ್ರ ಇರುವ ಆಯ್ಕೆ ತೆಗೆದುಕೊಂಡರೆ ಅದನ್ನು ಕಾಗದದಲ್ಲಿ ಬರೆದಿಡಿ, ಕಳೆದುಹೋದರೆ ಕಂಪನಿಯವರಿಗೂ ತೆರೆಯಲು ಬರುವುದಿಲ್ಲ.

ಇನ್ನು ನಿಮ್ಮ ಹಾರ್ಡ್ ಡಿಸ್ಕ್. ಇರಲಿ, ಬಿಡಬೇಡಿ, ಎಲ್ಲವನ್ನೂ ವಾಪಸ್ ಹಾಕಿಕೊಳ್ಳಬೇಕಾದರೆ ಅದೇ ಬೇಗ. ಆದರೆ ಕಳ್ಳ ಬಂದರೆ ಲ್ಯಾಪ್‌ಟಾಪ್ ಜೊತೆ ಪಕ್ಕದ ಡಿಸ್ಕನ್ನೂ ಎತ್ತಿಕೊಂಡು ಹೋಗುತ್ತಾನೆ, ಬೆಂಕಿ ನೀರಿಗೂ ಅಷ್ಟೇ. ನಾನು ದುಡ್ಡು ಕಟ್ಟುವುದು ಮನೆಯ ಹೊರಗೆ ಒಂದು ಪ್ರತಿ ಇರಲಿ ಅಂತ, ಅಷ್ಟಕ್ಕೇ. ಇನ್ನೊಂದು ಡಿಸ್ಕ್ ತೆಗೆದುಕೊಂಡು ಅಕ್ಕನ ಮನೆಯಲ್ಲಿ ಇಟ್ಟರೂ ನಡೆಯುತ್ತದೆ. ನನಗಂತೂ ತಿಂಗಳಿಗೊಮ್ಮೆ ಅದನ್ನು ತಂದು ತುಂಬಿಸುವ ಶಿಸ್ತು ಇಲ್ಲ.

2017ರ ಜನವರಿ 31ರಂದು, ಪ್ರೋಗ್ರಾಮರ್‌ಗಳ ಕೋಡ್ ಇಟ್ಟುಕೊಳ್ಳುವ ಕಂಪನಿಯಾದ ಗಿಟ್‌ಲ್ಯಾಬ್‌ನವರು ತಮ್ಮದೇ ಡೇಟಾಬೇಸ್ ತಪ್ಪಿ ಅಳಿಸಿಕೊಂಡಾಗ, ಪ್ರತಿ ಉಳಿಸುವ ಐದು ಬಗೆಯ ವ್ಯವಸ್ಥೆ ಇದ್ದರೂ ಒಂದೂ ಸರಿಯಾಗಿ ಕೈಹಿಡಿಯಲಿಲ್ಲ. ಅದೃಷ್ಟಕ್ಕೆ ಒಬ್ಬರು ಆರು ಗಂಟೆ ಮೊದಲು ಕೈಯಾರೆ ಮಾಡಿಟ್ಟಿದ್ದ ಪ್ರತಿ ಇತ್ತು. ಅದಕ್ಕೇ ಹೇಳುವುದು, ಬ್ಯಾಕಪ್ ಇದೆ ಅಂದರೆ ಸಾಲದು, ವಾಪಸ್ ಬರುತ್ತದಾ ಅಂತ ನೋಡಬೇಕು. ರಿಯಾಯಿತಿ ನೋಡಿ ವರ್ಷದ್ದು ಒಟ್ಟಿಗೆ ಕಟ್ಟಬೇಡಿ. ಒಂದು ತಿಂಗಳಿಗೆ ಕಟ್ಟಿ, ಏರಿಸಿದ ಒಂದು ದೊಡ್ಡ ಫೋಲ್ಡರನ್ನು ಬೇರೆ ಕಂಪ್ಯೂಟರಿಗೆ ಇಳಿಸಿ, ನಾಲ್ಕಾರು ಫೋಟೋ ತೆರೆದು ನೋಡಿ. ತೆರೆದರೆ ಮುಂದಿನ ತಿಂಗಳ ದುಡ್ಡು ಕಟ್ಟಿ.