ಅರಿಶಿನದ ಹಾಲಿಗೆ ಕಾಳುಮೆಣಸು ಯಾಕೆ?

ಅರಿಶಿನದ ಹಾಲಿಗೆ ಮೆಣಸು ಹಾಕುವುದು ಸುಮ್ನೆ ರುಚಿಗಾ ಅಂತ ಕೇಳಿದ್ದೀರಿ. ಅಲ್ಲ, ಕಾರಣ ಇದೆ. ಅರಿಶಿನಕ್ಕೆ ಹಳದಿ ಬಣ್ಣ ಕೊಡುವ ಕರ್ಕ್ಯುಮಿನ್ ಅನ್ನೋ ಅಂಶ ರಕ್ತಕ್ಕೆ ಸೇರುವುದೇ ಕಷ್ಟ. ಕರುಳು, ಲಿವರ್ ಎರಡೂ ಅದನ್ನು ಬೇಗ ಬದಲಿಸಿ ಹೊರಗೆ ಹಾಕಿಬಿಡುತ್ತವೆ. ಮೆಣಸಿಗೆ ಖಾರ ಕೊಡುವ ಪೈಪರಿನ್ ಅನ್ನೋ ಅಂಶ ಆ ಕೆಲಸವನ್ನು ತಡೆಯುತ್ತದೆ. 1998ರಲ್ಲಿ ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು ಆರೋಗ್ಯವಂತರಿಗೆ 2 ಗ್ರಾಂ ಕರ್ಕ್ಯುಮಿನ್ ಜೊತೆ ಬರೀ 20 ಮಿಲಿಗ್ರಾಂ ಪೈಪರಿನ್ ಕೊಟ್ಟು ನೋಡಿದರು. ರಕ್ತಕ್ಕೆ ಸೇರಿದ್ದು ಸುಮಾರು 20 ಪಟ್ಟು ಜಾಸ್ತಿ! ಆದರೆ ಒಂದು ಲೋಟ ಹಾಲಿನಲ್ಲಿ ಅಷ್ಟು ಕರ್ಕ್ಯುಮಿನ್ ಇರುವುದಿಲ್ಲ. ಅರಿಶಿನದ ಪುಡಿಯಲ್ಲಿ ಅದು ಶೇ. 3ರ ಆಸುಪಾಸು ಅಷ್ಟೇ.

ಇನ್ನೊಂದು ಮಾತು. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್‌ನಂಥ ಔಷಧಿಯ ಮಟ್ಟವನ್ನೂ ಪೈಪರಿನ್ ರಕ್ತದಲ್ಲಿ ಏರಿಸುತ್ತದೆ. ದಿನಾ ಮಾತ್ರೆ ತಗೊಳ್ಳುವವರು ಪೈಪರಿನ್ ಕ್ಯಾಪ್ಸೂಲ್ ಶುರು ಮಾಡುವ ಮುಂಚೆ ದಯವಿಟ್ಟು ಡಾಕ್ಟರನ್ನು ಕೇಳಿ.