ಹಾಸ್ಟೆಲ್ ಕೋಣೆಯಲ್ಲಿ ಬಾಳಿದ ಕುಲಪತಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಡಾ. ಎಚ್. ನರಸಿಂಹಯ್ಯನವರು ತೀರಾ ಬಡ ಮನೆತನದಿಂದ ಬಂದವರೆಂದು ನಮ್ಮ ಅಧ್ಯಾಪಕರು ಹೇಳುತ್ತಿರುತ್ತಾರೆ. ಅವರು ಅಷ್ಟು ಎತ್ತರಕ್ಕೆ ಏರಿದ್ದು ಹೇಗೆ? ಏರಿದ ಮೇಲೂ ಮದುವೆ, ಮನೆ ಯಾವುದೂ ಬೇಡವೆಂದು ಇದ್ದದ್ದು ಏಕೆ?
– ಪದವಿ ವಿದ್ಯಾರ್ಥಿನಿ, ತುಮಕೂರು

ಉತ್ತರ: ನರಸಿಂಹಯ್ಯನವರು 1920ರಲ್ಲಿ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದರು. ಮುಂದಿನ ಓದಿಗೆ ಬೆಂಗಳೂರನ್ನು ಸೇರಬೇಕಾಗಿ ಬಂದಾಗ ಪ್ರಯಾಣಕ್ಕೆ ಕೈಯಲ್ಲಿ ಕಾಸಿರಲಿಲ್ಲ. 1935ರಲ್ಲಿ ಆ ಹುಡುಗ ನಡೆದೇ ರಾಜಧಾನಿಯನ್ನು ತಲುಪಿದ. ಈ ಕಾಲ್ನಡಿಗೆಯ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಆದರೆ ಅವರ ಬಾಳಿನ ದಿಕ್ಕನ್ನು ನಿರ್ಧರಿಸಿದ್ದು ಆ ನಡಿಗೆಗಿಂತ ಹೆಚ್ಚಾಗಿ ಅದರ ಕೊನೆಯಲ್ಲಿ ಸಿಕ್ಕ ಶಾಲೆ ಎಂಬುದು ನನ್ನ ಅಭಿಪ್ರಾಯ. ಆನಿ ಬೆಸೆಂಟರ ಪ್ರೇರಣೆಯಿಂದ 1917ರಲ್ಲಿ ಆರಂಭವಾಗಿದ್ದ ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿನಲ್ಲಿ ದೇಶದ ಕೆಲಸವೂ ಓದಿನಷ್ಟೇ ಸಹಜವಾದ ಸಂಗತಿಯಾಗಿತ್ತು. 1936ರಲ್ಲಿ ಗಾಂಧೀಜಿ ಅಲ್ಲಿಗೆ ಬಂದಾಗ ಅವರ ಹಿಂದಿ ಮಾತುಗಳನ್ನು ಕನ್ನಡಕ್ಕೆ ಹೇಳುವ ಕೆಲಸ ವಿದ್ಯಾರ್ಥಿ ನರಸಿಂಹಯ್ಯನ ಪಾಲಿಗೆ ಬಂತು. ಹದಿನಾರರ ಆಸುಪಾಸಿನ ಹಳ್ಳಿ ಹುಡುಗನೊಬ್ಬ ಗಾಂಧಿಯ ಪಕ್ಕದಲ್ಲಿ ನಿಂತು, ಅವರ ಒಂದೊಂದು ವಾಕ್ಯವನ್ನೂ ತನ್ನ ಬಾಯಿಂದ ಮತ್ತೊಮ್ಮೆ ನುಡಿಯಬೇಕಾದರೆ ಆ ಮಾತುಗಳು ಒಳಗೆ ಎಷ್ಟು ಆಳಕ್ಕೆ ಇಳಿದಿರಬೇಕು! ಖಾದಿ ಪಂಚೆ, ಜುಬ್ಬಾ, ಗಾಂಧಿ ಟೋಪಿಗಳನ್ನು ಅವರು ಕಡೆಯವರೆಗೂ ಬಿಡಲಿಲ್ಲ.

ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಓದುತ್ತಿದ್ದಾಗ 1942ರ ಚಳವಳಿ ಬಂತು. ತರಗತಿ ಬಿಟ್ಟು ಸೆರೆಮನೆಗೆ ಹೋದರು. ಹೊರಬಂದು ಓದು ಮುಗಿಸಿ, 1946ರಲ್ಲಿ ನ್ಯಾಷನಲ್ ಕಾಲೇಜಿಗೆ ಉಪನ್ಯಾಸಕರಾಗಿ ಸೇರಿದರು. ಆ ಕಾಲೇಜು ಹುಟ್ಟಿ ಆಗಿನ್ನೂ ಒಂದು ವರ್ಷವಷ್ಟೇ ಆಗಿತ್ತು. ಮುಂದೆ ಅಮೆರಿಕದ ಓಹಿಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪರಮಾಣು ಭೌತಶಾಸ್ತ್ರದಲ್ಲಿ ಪಿಎಚ್.ಡಿ. ಪಡೆದು, 1960ರಲ್ಲಿ ಅದೇ ಕಾಲೇಜಿಗೆ ಮರಳಿದರು. ಅಂಥ ಪದವಿ ಪಡೆದವರಿಗೆ ಹೊರಗೆ ಎಷ್ಟು ಬೇಡಿಕೆಯಿದ್ದಿತೆಂಬುದನ್ನು ನೆನೆದರೆ, ನಡೆದು ಬಂದದ್ದಕ್ಕಿಂತ ಹೀಗೆ ಮರಳಿ ಬಂದದ್ದೇ ನನಗೆ ದೊಡ್ಡದಾಗಿ ಕಾಣುತ್ತದೆ. ಪ್ರಾಂಶುಪಾಲರಾದ ಮೇಲೆ ಗೌರಿಬಿದನೂರು, ಬಾಗೇಪಲ್ಲಿಗಳಲ್ಲೂ ನ್ಯಾಷನಲ್ ಕಾಲೇಜುಗಳು ತಲೆಯೆತ್ತಲು ಅವರು ದುಡಿದರು.

ಮದುವೆ, ಮನೆಗಳ ಬಗ್ಗೆ ಕೇಳಿದ್ದೀರಿ. ಅವರು ಅವಿವಾಹಿತರಾಗಿಯೇ ಉಳಿದು, ಕಾಲೇಜಿನ ವಿದ್ಯಾರ್ಥಿನಿಲಯದ ಒಂದು ಕೋಣೆಯಲ್ಲಿ ದಶಕಗಳ ಕಾಲ ವಾಸಿಸಿದರು. ಇದನ್ನು ತ್ಯಾಗವೆಂದು ಹೊಗಳುವುದು ಸುಲಭ. ಆದರೆ ಹಾಸ್ಟೆಲ್ಲಿನ ಹುಡುಗರ ನಡುವೆ ಇರುವುದೇ ಅವರಿಗೆ ಇಷ್ಟವಾದ ಬದುಕಾಗಿತ್ತೆಂದು ತಿಳಿದರೆ ಅವರನ್ನು ಇನ್ನಷ್ಟು ಸರಿಯಾಗಿ ಅರ್ಥಮಾಡಿಕೊಂಡಂತಾಗುತ್ತದೆ.

ಪ್ರಶ್ನೆ: ಕುಲಪತಿಯ ಸ್ಥಾನದಲ್ಲಿದ್ದವರು ಪವಾಡಗಳ ಪರೀಕ್ಷೆಗೆ ಇಳಿದದ್ದು ಹುದ್ದೆಯ ವ್ಯಾಪ್ತಿಯನ್ನು ಮೀರಿದಂತಾಗಲಿಲ್ಲವೇ?
– ನಿವೃತ್ತ ಶಿಕ್ಷಕರು, ಹಾಸನ

ಉತ್ತರ: ಇಲ್ಲವೆಂದೇ ನಾನು ಹೇಳುತ್ತೇನೆ. ಅವರು ಕುಲಪತಿಗಳಾಗಿದ್ದದ್ದು 1972ರಿಂದ 1977ರವರೆಗೆ. 1976ರಲ್ಲಿ ಪವಾಡಗಳನ್ನೂ ಮೂಢನಂಬಿಕೆಗಳನ್ನೂ ವೈಜ್ಞಾನಿಕವಾಗಿ ಪರಿಶೀಲಿಸಲು ವಿಶ್ವವಿದ್ಯಾಲಯದ ಸಮಿತಿಯೊಂದನ್ನು ರಚಿಸಿ, ಅದರ ಅಧ್ಯಕ್ಷತೆಯನ್ನೂ ವಹಿಸಿದರು. ನಿಯಂತ್ರಿತ ಪರಿಸ್ಥಿತಿಯಲ್ಲಿ ಪವಾಡಗಳನ್ನು ತೋರಿಸಬೇಕೆಂದು ಸತ್ಯಸಾಯಿ ಬಾಬಾ ಅವರಿಗೆ ಬರೆದ ಪತ್ರಗಳಿಗೆ ಉತ್ತರ ಬರಲಿಲ್ಲ. ನಾಡಿನಲ್ಲಿ ದೊಡ್ಡ ವಾದವಿವಾದವೇ ಎದ್ದಿತು. ಪ್ರಯೋಗಶಾಲೆಯಲ್ಲಿ ಪುರಾವೆ ಕೇಳುವುದನ್ನು ಕಲಿಸುವ ಸಂಸ್ಥೆ ಅದೇ ಪ್ರಶ್ನೆಯನ್ನು ಹೊರಗೆ ಕೇಳಬಾರದೆನ್ನುವುದು ವಿಚಿತ್ರವಾದ ವಾದ. ವಿಧಾನದ ಬಗ್ಗೆ ಭಿನ್ನಾಭಿಪ್ರಾಯವಿರಬಹುದು. ಸಾರ್ವಜನಿಕ ಪತ್ರಗಳಿಂದ ಹಟ ಬೆಳೆಯಿತೇ ಹೊರತು ಪರಿಶೀಲನೆ ಮುಂದುವರಿಯಲಿಲ್ಲ ಎನ್ನುವವರ ಮಾತಿನಲ್ಲಿ ಸ್ವಲ್ಪ ಹುರುಳಿದೆ.

ಪ್ರಶ್ನೆ: ಅವರ ಬಗ್ಗೆ ಓದಲು ಎಲ್ಲಿಂದ ಆರಂಭಿಸಬೇಕು?
– ಗೃಹಿಣಿ, ಶಿವಮೊಗ್ಗ

ಉತ್ತರ: ಅವರ ಆತ್ಮಕಥೆ ‘ಹೋರಾಟದ ಹಾದಿ’ಯಿಂದ. ಬೆಂಗಳೂರಿಗೆ ಬಂದಾಗ ಬುಧವಾರ ಸಂಜೆ ಬಿಡುವಿದ್ದರೆ, 1962ರಲ್ಲಿ ಅವರು ಕಟ್ಟಿದ ಬೆಂಗಳೂರು ಸೈನ್ಸ್ ಫೋರಂನ ಉಪನ್ಯಾಸವಿದೆಯೇ ಎಂದು ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ವಿಚಾರಿಸಿ ನೋಡಿ.