ಬರಹಗಾರರಿಗೆ: ಸ್ಲೆಡ್ಜಿನಲ್ಲಿ ಏನಿತ್ತು?

ಮಾನ್ಯರೆ,

ಅಂಟಾರ್ಕ್ಟಿಕಾವನ್ನು ಒಂಟಿಯಾಗಿ ದಾಟಿದ ಕಾಲಿನ್ ಒಬ್ರೇಡಿ ಬಗ್ಗೆ ನೀವು ಸಿಂಧನೂರಿನಿಂದ ಕಳಿಸಿದ ಲೇಖನ ಓದಿದೆ. ಭಾಷೆ ಚೆನ್ನಾಗಿದೆ, ಓದಿಸಿಕೊಂಡು ಹೋಗುತ್ತದೆ. ಆದರೆ ಎರಡು ಸಾಲುಗಳು ನನ್ನನ್ನು ಕೆರಳಿಸಿದವು.

‘ಯಾರ ನೆರವೂ ಇಲ್ಲದೆ ದಾಟಿದ ಮೊದಲಿಗ’ ಎಂದಿದ್ದೀರಿ. ನಾರ್ವೆಯ ಬೋರ್ಗೆ ಔಸ್ಲಾಂಡ್ 1997ರಲ್ಲೇ, ದಾರಿಯಲ್ಲೆಲ್ಲೂ ಆಹಾರ ತರಿಸಿಕೊಳ್ಳದೆ, 64 ದಿನಗಳಲ್ಲಿ ಒಬ್ಬರೇ ದಾಟಿದ್ದರು. ಗಾಳಿ ಸಿಕ್ಕಾಗ ಹಾಯಿ ಬಿಚ್ಚಿ ಸ್ಕೀ ಮೇಲೆ ಜಾರಿದರು, ನಿಜ. ಆದರೆ ಅವರದು ಸುಮಾರು 2,800 ಕಿ.ಮೀ., ಸಮುದ್ರದ ಮೇಲೆ ಚಾಚಿದ ಹಿಮಹಾಸುಗಳೂ ಸೇರಿ. ಒಬ್ರೇಡಿ 2018ರಲ್ಲಿ ಹಾಯಿ ಮುಟ್ಟಲಿಲ್ಲ. ಹಿಮಹಾಸುಗಳನ್ನು ಬಿಟ್ಟು ಸುಮಾರು 1,500 ಕಿ.ಮೀ. ಕ್ರಮಿಸಿದರು. ಧ್ರುವ ದಾಟಿದ ಮೇಲೆ ವಾಹನಗಳು ಓಡಾಡುವ ಹಾದಿ ಹಿಡಿದರು. ‘ನೆರವು’ ಯಾವುದು, ಹಾಯಿಯೋ ಹಾದಿಯೋ, ಎಂಬ ಈ ಜಗಳವೇ ನಿಮ್ಮ ಲೇಖನದ ಜೀವವಾಗಬೇಕಿತ್ತು. ‘ಮೊದಲಿಗ’ ಅಂದು ಕೈತೊಳೆದುಕೊಂಡಿದ್ದೀರಿ.

ಇನ್ನೊಂದು: ‘ಸುತ್ತ ಹಿಮವೇ ಇದ್ದುದರಿಂದ ನೀರಿನ ಚಿಂತೆಯಿರಲಿಲ್ಲ.’ ಯಾರು ಹೇಳಿದರು ಸ್ವಾಮಿ? ಹಿಮ ಕರಗಿಸಲು ಸ್ಟೌ ಬೇಕು, ಸ್ಟೌಗೆ ಇಂಧನ ಬೇಕು. ಇಂಧನ ಮುಗಿದರೆ ನೀರೂ ಮುಗಿಯಿತು. ಅದೆಲ್ಲ ಮೊದಲ ದಿನದಿಂದಲೇ ಸ್ಲೆಡ್ಜಿನಲ್ಲಿ, ಅಂದರೆ ಹಿಮದ ಮೇಲೆ ಎಳೆಯುವ ಜಾರುಬಂಡಿಯಲ್ಲಿ, ಇರಬೇಕು. ಒಬ್ರೇಡಿ ಎಳೆದದ್ದು ಸುಮಾರು 170 ಕೆ.ಜಿ. ಹೆಚ್ಚು ಹೇರಿದರೆ ನಡಿಗೆ ನಿಧಾನ, ನಿಧಾನವಾದರೆ ದಿನ ಹೆಚ್ಚು, ದಿನ ಹೆಚ್ಚಾದರೆ ಮತ್ತೆ ಆಹಾರ ಸಾಲದು. ಈ ಲೆಕ್ಕ ನಿಮ್ಮಲ್ಲಿ ಒಂದು ಸಾಲೂ ಇಲ್ಲ. ಪುಟ ತುಂಬ ‘ಛಲ’ ಇದೆ.

ನಾನು ರಾಯಚೂರಿನ ಪತ್ರಿಕೆಯೊಂದರಲ್ಲಿ ಕೆಲಸ ಕಲಿಯುವಾಗ, ತುಂಗಭದ್ರಾ ಎಡದಂಡೆ ಕಾಲುವೆಯ ಟೇಲೆಂಡ್ (ಕೊನೆಯ ಭಾಗದ) ರೈತರ ಗೋಳು ಬರೆದು ತಂದವರಿಗೆಲ್ಲ ನಮ್ಮ ಹಿರಿಯ ಉಪಸಂಪಾದಕರು ಕೇಳುತ್ತಿದ್ದುದು ಒಂದೇ: ‘ಗೇಜ್ ಎಷ್ಟದ ಹೇಳಪಾ ಮೊದಲ.’ ಮೈಲ್ 69ರಲ್ಲಿ ನೀರು ಎಷ್ಟು ಅಡಿ ಇದೆ ಅಂತ ಗೊತ್ತಿಲ್ಲದವನ ಕಾಪಿ ಮೇಜು ದಾಟುತ್ತಿರಲಿಲ್ಲ. ಆಗ ನಮಗೆಲ್ಲ ಅವರ ಮೇಲೆ ವಿಪರೀತ ಸಿಟ್ಟು. ಅವರ ಎಲೆ ಅಡಿಕೆ ಚೀಲ ಬಚ್ಚಿಟ್ಟು ಸೇಡು ತೀರಿಸಿಕೊಳ್ಳುತ್ತಿದ್ದೆವು. ಈಗ ಅದೇ ಪ್ರಶ್ನೆ ನನ್ನ ಬಾಯಲ್ಲಿ.

ಛಲದ ಮಾತಿಗೇ ಬಂದರೆ, ಹೀಗೇ ಒಂಟಿಯಾಗಿ ದಾಟಲು ಹೊರಟಿದ್ದ ಬ್ರಿಟನ್ನಿನ ಹೆನ್ರಿ ವರ್ಸ್ಲಿಗೆ ಅದೇನು ಕಡಿಮೆಯಿತ್ತೇ? 1,400 ಕಿ.ಮೀ.ಗೂ ಹೆಚ್ಚು ಎಳೆದು, ಗುರಿ ಸುಮಾರು 50 ಕಿ.ಮೀ. ಇರುವಾಗ ನೆರವಿಗೆ ಕರೆ ಮಾಡಿದರು. 2016ರ ಜನವರಿಯಲ್ಲಿ ಚಿಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು.

ತಿದ್ದಿ ಕಳಿಸಿ. ಬೆಳಿಗ್ಗೆ ಸ್ಟೌ ಹಚ್ಚುವಲ್ಲಿಂದ ಶುರು ಮಾಡಿ. ನೆಟ್‌ನಿಂದ ಇಳಿಸಿದ ಫೋಟೋ ಮಾತ್ರ ಬೇಡ, ಅಚ್ಚು ಹಾಕಲು ಬರುವುದಿಲ್ಲ.